ಹುಳುಕಡ್ಡಿ ಮತ್ತೆ ಮತ್ತೆ ಬಾರದಂತೆ ಗುಣಪಡಿಸುವುದು: ಚರ್ಮದ ರಕ್ಷಣಾಪಡೆಗೆ ಅಡ್ಡಿಯಾಗದ ಚಿಕಿತ್ಸೆ

ತೊಡೆಸಂದಿಯಲ್ಲೋ ಸೊಂಟದ ಸುತ್ತಲೋ ಉಂಗುರದಂತೆ ಕೆಂಪಗೆ ಎದ್ದು, ರಾತ್ರಿ ನಿದ್ದೆ ಕೆಡಿಸುವಷ್ಟು ತುರಿಸುವ ಹುಳುಕಡ್ಡಿ ಹಿಂದೆಲ್ಲ ಎರಡು ಮೂರು ವಾರದ ಮುಲಾಮಿಗೆ ಹೋಗುತ್ತಿತ್ತು. ಈಗ ಹಾಗಿಲ್ಲ. ಗಜಕರ್ಣ ಎಂದೂ ಕರೆಯುವ ಈ ಕಾಯಿಲೆ ಈಗ ವರ್ಷಗಟ್ಟಲೆ ಕಾಡುತ್ತದೆ, ಮನೆಮಂದಿಗೆಲ್ಲ ಹರಡುತ್ತದೆ, ಹೋಯಿತು ಎಂದುಕೊಂಡ ತಿಂಗಳೊಳಗೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ. ಇದಕ್ಕೆ ಒಂದು ಕಾರಣ ಭಾರತದಲ್ಲಿ ಹಬ್ಬಿರುವ ಹೊಸ ತಳಿಯ ಶಿಲೀಂಧ್ರ. 2020ರಲ್ಲಿ ಅದಕ್ಕೆ ಟ್ರೈಕೋಫೈಟಾನ್ ಇಂಡೋಟಿನಿಯೆ ಎಂದು ಹೆಸರಿಟ್ಟರು. ಇನ್ನೊಂದು ಕಾರಣ ನಮ್ಮ ಕೈಯಲ್ಲೇ ಇದೆ: ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿ, ಶಿಲೀಂಧ್ರದ ಮೇಲೆ ಹೋರಾಡುತ್ತಿರುವ ಚರ್ಮದ ಕೈಯನ್ನೇ ಕಟ್ಟಿಹಾಕುವುದು.

ಔಷಧ ಶಿಲೀಂಧ್ರದ ಬೆಳವಣಿಗೆಯನ್ನು ತಡೆಯಬಲ್ಲದು. ಅದನ್ನು ಮೈಯಿಂದ ಹೊರಹಾಕುವ ಕೆಲಸದ ಬಹುಪಾಲು ಮಾತ್ರ ನಮ್ಮದೇ ರೋಗನಿರೋಧಕ ವ್ಯವಸ್ಥೆಯದು. ಅದಕ್ಕೆ ಅಡ್ಡಿಯಾಗದ ಹಾಗೆ ಚಿಕಿತ್ಸೆ ನಡೆಸುವ ವಿಧಾನ ಇಲ್ಲಿದೆ.

ಚರ್ಮದೊಳಗೆ ಏನು ನಡೆಯುತ್ತದೆ

ಹೆಸರಿನಲ್ಲಿ ಹುಳು ಇದ್ದರೂ ಇಲ್ಲಿ ಹುಳುವಿಲ್ಲ. ಕೆರಾಟಿನ್ ಎಂಬ ಪ್ರೋಟೀನನ್ನೇ ತಿಂದು ಬದುಕುವ ಶಿಲೀಂಧ್ರವಿದು. ಚರ್ಮದ ಸತ್ತ ಹೊರಪದರ, ಕೂದಲು, ಉಗುರು ಇವೆಲ್ಲ ಅದಕ್ಕೆ ಆಹಾರ. ಟವೆಲಿನಿಂದಲೋ ಇನ್ನೊಬ್ಬರ ಮೈಯಿಂದಲೋ ಬಂದ ಬೀಜಾಣು ಬೆವರಿದ ಚರ್ಮಕ್ಕೆ ಅಂಟಿ, ಮೊಳೆತು, ಎಳೆ ಬಿಡುತ್ತದೆ. ಆ ಎಳೆಗಳು ಕಿಣ್ವಗಳನ್ನು ಸುರಿಸಿ ಕೆರಾಟಿನನ್ನು ಕರಗಿಸುತ್ತ ಎಲ್ಲ ದಿಕ್ಕಿಗೂ ಹರಡುತ್ತವೆ.

ಸಾಮಾನ್ಯವಾಗಿ ಅವು ಜೀವಂತ ಪದರದೊಳಕ್ಕೆ ಇಳಿಯುವುದಿಲ್ಲ. ರಕ್ತದ್ರವದಲ್ಲಿರುವ ಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನು ಕಬ್ಬಿಣವನ್ನು ಹಿಡಿದಿಟ್ಟುಕೊಂಡಿರುತ್ತದೆ, ಕಬ್ಬಿಣ ಸಿಗದೆ ಶಿಲೀಂಧ್ರ ಒಳಗೆ ಬೆಳೆಯಲಾರದು. ಒಳಗಿನ ಬಿಸಿಯೂ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಹೋರಾಟವೆಲ್ಲ ಮೇಲ್ಪದರದಲ್ಲೇ ನಡೆಯುತ್ತದೆ.

ಶಿಲೀಂಧ್ರದ ಕೋಶಭಿತ್ತಿಯಲ್ಲಿ ಬೀಟಾ-ಗ್ಲುಕಾನ್, ಮ್ಯಾನ್ನಾನ್, ಕೈಟಿನ್ ಎಂಬ ಸಕ್ಕರೆ ಸರಪಳಿಗಳಿವೆ. ನಮ್ಮ ಜೀವಕೋಶಗಳಲ್ಲಿ ಇವು ಇಲ್ಲದಿರುವುದರಿಂದ ಇವನ್ನು ಕಂಡ ಕೂಡಲೇ ದೇಹಕ್ಕೆ ಪರಕೀಯ ಎಂದು ಗೊತ್ತಾಗುತ್ತದೆ. ಕಾವಲು ಕಣಗಳ ಮೇಲಿರುವ ಡೆಕ್ಟಿನ್-1 ಎಂಬ ಗ್ರಾಹಕ ಬೀಟಾ-ಗ್ಲುಕಾನನ್ನು ಹಿಡಿದುಕೊಳ್ಳುತ್ತದೆ, ಒಳಗೆ ಕಾರ್ಡ್-9 ಎಂಬ ಪ್ರೋಟೀನು ಆ ಸುದ್ದಿಯನ್ನು ಮುಂದಕ್ಕೆ ದಾಟಿಸುತ್ತದೆ. ಕೊನೆಗೆ ಟಿಎಚ್-17 ಎಂಬ ಬಗೆಯ ಟಿ-ಕೋಶಗಳು (ಇವೂ ಬಿಳಿ ರಕ್ತಕಣಗಳೇ) ಎದ್ದು ಐಎಲ್-17, ಐಎಲ್-22 ಎಂಬ ಸಂಕೇತದ್ರವ್ಯಗಳನ್ನು ಬಿಡುತ್ತವೆ. ಇದರ ಫಲ ಮೂರು. ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣಗಳು ಜಾಗಕ್ಕೆ ನುಗ್ಗುತ್ತವೆ. ಚರ್ಮದ ಕೋಶಗಳು ಶಿಲೀಂಧ್ರವನ್ನು ಕೊಲ್ಲುವ ಪುಟ್ಟ ಪ್ರೋಟೀನುಗಳನ್ನು ತಯಾರಿಸುತ್ತವೆ. ಚರ್ಮ ಎಂದಿಗಿಂತ ಬೇಗ ಬೇಗ ಬೆಳೆದು ಮೇಲಿನ ಪದರವನ್ನು ಶಿಲೀಂಧ್ರ ಸಮೇತ ಉದುರಿಸುತ್ತದೆ.

ನೀವು ನೋಡುವ ಹೊಟ್ಟು, ಕೆಂಪು, ತುರಿಕೆ ಎಲ್ಲವೂ ಬಹುಮಟ್ಟಿಗೆ ಈ ರಕ್ಷಣೆಯ ಗುರುತುಗಳು. ಉಂಗುರದ ಆಕಾರಕ್ಕೂ ಇದೇ ಕಾರಣ. ನಡುವೆ ಶಿಲೀಂಧ್ರವನ್ನು ದೇಹ ಹೊರಹಾಕಿರುತ್ತದೆ, ಅದು ತಪ್ಪಿಸಿಕೊಂಡು ಹೊರಕ್ಕೆ ಹರಡುತ್ತಿರುವ ಅಂಚಿನಲ್ಲಿ ಕೆಂಪಾಗಿ ಉಬ್ಬಿರುತ್ತದೆ.

ಶಿಲೀಂಧ್ರವೂ ಸುಮ್ಮನಿರುವುದಿಲ್ಲ. ಕೈಟಿನ್ ಕಾಣದ ಹಾಗೆ ಮುಚ್ಚಿಕೊಳ್ಳುವ ಪ್ರೋಟೀನುಗಳನ್ನು ಮಾಡಿಕೊಳ್ಳುತ್ತದೆ. ಟ್ರೈಕೋಫೈಟಾನ್ ರೂಬ್ರಮ್ ಎಂಬ ಹಳೆಯ ಜಾತಿಯ ಮ್ಯಾನ್ನಾನ್‌ಗೆ ಟಿ-ಕೋಶಗಳನ್ನು ಮಂಕಾಗಿಸುವ, ಚರ್ಮ ಉದುರುವ ವೇಗವನ್ನು ತಗ್ಗಿಸುವ ಶಕ್ತಿಯಿದೆ. ಮನುಷ್ಯರ ಮೇಲೆಯೇ ಬದುಕಲು ಒಗ್ಗಿಕೊಂಡ ಜಾತಿಗಳು ಹೀಗೆ ಸದ್ದಿಲ್ಲದೆ ವರ್ಷಾನುಗಟ್ಟಲೆ ಉಳಿಯುತ್ತವೆ. ದನ, ಬೆಕ್ಕು, ನಾಯಿಗಳಿಂದ ಬರುವ ಜಾತಿಗಳನ್ನು ನಮ್ಮ ದೇಹ ಜೋರಾಗಿ ಎದುರಿಸುತ್ತದೆ: ಊತ, ಕೀವು, ನೋವು ಹೆಚ್ಚು, ಆದರೆ ಅವು ಕಾಲಾಂತರದಲ್ಲಿ ಹೋಗುವ ಸಾಧ್ಯತೆಯೂ ಹೆಚ್ಚು.

ಮೊದಲ ಕೆಲಸ: ಟ್ಯೂಬಿನ ಮೇಲಿರುವುದನ್ನು ಓದಿ

ಈಗಾಗಲೇ ಏನಾದರೂ ಹಚ್ಚುತ್ತಿದ್ದರೆ ಆ ಟ್ಯೂಬನ್ನು ತೆಗೆದುಕೊಳ್ಳಿ. ಒಳಗೇನಿದೆ ಎಂಬುದು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತದೆ. ಫೋನಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಕ್ಲೋಬೆಟಸಾಲ್, ಹ್ಯಾಲೊಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲೂಟಿಕಾಸೋನ್, ಡೆಕ್ಸಾಮೆಥಾಸೋನ್, ಫ್ಲೂಸಿನೊಲೋನ್, ಟ್ರಯಾಮ್ಸಿನೊಲೋನ್ ಇವುಗಳಲ್ಲಿ ಯಾವುದಾದರೂ ಒಂದು ಇದ್ದರೆ ಅದು ಸ್ಟೀರಾಯ್ಡ್ ಮುಲಾಮು. ಅದೇ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧವೂ ಬ್ಯಾಕ್ಟೀರಿಯಾದ ಔಷಧವೂ ಸೇರಿದ್ದರೆ ಮೋಸಹೋಗಬೇಡಿ. ಮೂರು ನಾಲ್ಕು ಔಷಧ ಕಲಸಿದ ಇಂಥ ಟ್ಯೂಬುಗಳೇ ಹೆಚ್ಚು ಹಾನಿ ಮಾಡಿವೆ.

ಹಚ್ಚಿದ ಎರಡು ಮೂರು ದಿನಕ್ಕೆ ತುರಿಕೆ ನಿಲ್ಲುತ್ತದೆ, ಕೆಂಪು ಇಳಿಯುತ್ತದೆ. ರೋಗ ಹೋಯಿತು ಎಂದು ಅನ್ನಿಸುವುದು ಸಹಜ. ನಿಜವಾಗಿ ನಡೆದದ್ದು ಬೇರೆ: ಸ್ಟೀರಾಯ್ಡು ಸಂಕೇತದ್ರವ್ಯಗಳನ್ನು ತಡೆದು, ಟಿ-ಕೋಶಗಳನ್ನು ಅಡಗಿಸಿ, ಉರಿಯೂತವನ್ನು ನಿಲ್ಲಿಸಿರುತ್ತದೆ. ಶಿಲೀಂಧ್ರ ಅಲ್ಲೇ ಇರುತ್ತದೆ, ಕಾವಲಿಲ್ಲದ ಹೊಲದಲ್ಲಿ ಮೇಯುವ ದನದಂತೆ. ಉಂಗುರದ ಅಂಚು ಅಳಿಸಿಹೋಗಿ ಕಾಯಿಲೆಯ ಗುರುತೇ ಸಿಗದಂತಾಗುತ್ತದೆ. ಬ್ರಿಟನ್ನಿನ ವೈದ್ಯರು 1968ರಲ್ಲೇ ಇದನ್ನು ವರ್ಣಿಸಿ ಟಿನಿಯಾ ಇನ್‌ಕಾಗ್ನಿಟೋ, ಅಂದರೆ ವೇಷ ಮರೆಸಿಕೊಂಡ ಹುಳುಕಡ್ಡಿ ಎಂದು ಹೆಸರಿಟ್ಟಿದ್ದರು. ಹಚ್ಚುವುದು, ಬಿಡುವುದು, ಮತ್ತೆ ಹಚ್ಚುವುದು ನಡೆದರೆ ಒಂದು ಉಂಗುರದೊಳಗೆ ಇನ್ನೊಂದು ಉಂಗುರ ಮೂಡುತ್ತದೆ. ಹಾಗೆ ಜೋಡಿ ಉಂಗುರ ಕಂಡರೆ ಸ್ಟೀರಾಯ್ಡ್ ಬಳಕೆಯಾಗಿದೆ ಎಂದು ಅನುಭವಿ ವೈದ್ಯರು ಕೇಳುವ ಮೊದಲೇ ಊಹಿಸುತ್ತಾರೆ. ತೊಡೆಸಂದಿಯ ಚರ್ಮ ತೆಳುವಾದ್ದರಿಂದ ಅಲ್ಲಿ ಕೆಲವೇ ವಾರಗಳಲ್ಲಿ ಬಿರುಕಿನಂಥ ಗೆರೆಗಳು ಬೀಳಬಹುದು. ಅವು ಮತ್ತೆ ಮಾಯುವುದಿಲ್ಲ.

ಭಾರತ ಸರ್ಕಾರ 2018ರಲ್ಲಿ ಹಚ್ಚುವ ಸ್ಟೀರಾಯ್ಡುಗಳನ್ನು ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದಿತು. ಆದ್ದರಿಂದ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟರೂ ತೆಗೆದುಕೊಳ್ಳಬೇಡಿ.

ಬಿಡುವುದು ಹೇಗೆ? ಮೈಯ ಮೇಲೆ ಕೆಲವು ವಾರ ಮಾತ್ರ ಹಚ್ಚಿದ್ದರೆ ಇಂದೇ ನಿಲ್ಲಿಸಿ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದ್ದರೆ, ಮೈಯ ದೊಡ್ಡ ಭಾಗಕ್ಕೆ ದಿನವೂ ಬಳಸಿದ್ದರೆ, ಅಥವಾ ಮಗುವಿಗೆ ಹಚ್ಚಿದ್ದರೆ ಚರ್ಮವೈದ್ಯರನ್ನು ಕಂಡು ಅವರು ಹೇಳಿದಂತೆ ಬಿಡಿ. ನಿಲ್ಲಿಸಿದ ಕೆಲವು ದಿನಗಳಲ್ಲಿ ತುರಿಕೆಯೂ ಕೆಂಪೂ ಮೊದಲಿಗಿಂತ ಜೋರಾಗುತ್ತವೆ, ಅಡಗಿಸಿಟ್ಟ ರಕ್ಷಣೆ ಎಚ್ಚೆತ್ತಿತು ಎಂದರ್ಥ. ಹೆಚ್ಚಿನವರು ಸೋತು ಮತ್ತೆ ಅದೇ ಟ್ಯೂಬಿಗೆ ಕೈಹಾಕುವುದು ಈ ಹಂತದಲ್ಲೇ. ಬದಲಿಗೆ ತಣ್ಣೀರಲ್ಲಿ ಅದ್ದಿದ ಶುಭ್ರ ಬಟ್ಟೆಯನ್ನು 10 ನಿಮಿಷ ಇಟ್ಟು, ಚೆನ್ನಾಗಿ ಒರೆಸಿ ಒಣಗಿಸಿ. ರಾತ್ರಿ ನಿದ್ದೆಗೆ ವೈದ್ಯರು ದೊಡ್ಡವರಿಗೆ ಸಾಮಾನ್ಯವಾಗಿ ಸೆಟಿರಿಜಿನ್ 10 ಮಿ.ಗ್ರಾಂ ಅಥವಾ ಲಿವೊಸೆಟಿರಿಜಿನ್ 5 ಮಿ.ಗ್ರಾಂ ಕೊಡುತ್ತಾರೆ. ಇವು ತುರಿಕೆಯನ್ನಷ್ಟೇ ತಗ್ಗಿಸುತ್ತವೆ, ಟಿ-ಕೋಶಗಳ ಕೆಲಸವನ್ನು ಸ್ಟೀರಾಯ್ಡಿನಂತೆ ಕೆಡಿಸುವುದಿಲ್ಲ. ಮಂಪರು ಬರಬಹುದು, ಗಾಡಿ ಓಡಿಸುವವರು ಜೋಪಾನ.

ಹುಳುಕಡ್ಡಿಯೇ ಹೌದೇ ಎಂದು ಖಚಿತಪಡಿಸಿಕೊಳ್ಳಿ

ಅಂಚು ಉಬ್ಬಿ, ಹೊಟ್ಟೆದ್ದು, ನಡುವೆ ತಿಳಿಯಾಗಿ, ತುರಿಸುತ್ತ ಹೊರಕ್ಕೆ ಬೆಳೆಯುತ್ತಿದ್ದರೆ ಬಹುಪಾಲು ಹುಳುಕಡ್ಡಿಯೇ. ಬೆನ್ನು, ಎದೆಯ ಮೇಲೆ ತಿಳಿಬಿಳುಪು ಅಥವಾ ಕಂದು ಮಚ್ಚೆಗಳಾಗಿ ಅಷ್ಟೇನೂ ತುರಿಸದೆ ಇರುವುದು ಚಿಬ್ಬು. ಅದು ಬೇರೆ ಶಿಲೀಂಧ್ರ, ಅದರ ಚಿಕಿತ್ಸೆ ಬೇರೆ. ಮೊಣಕೈ, ಮೊಣಕಾಲಿನಲ್ಲಿ ಬೆಳ್ಳಿಯಂಥ ದಪ್ಪ ಹೊಟ್ಟು ಇದ್ದರೆ ಸೋರಿಯಾಸಿಸ್ ಇರಬಹುದು. ಮಚ್ಚೆಯ ಮೇಲೆ ಹತ್ತಿಯ ಎಳೆಯಿಂದ ಮುಟ್ಟಿದಾಗ ಗೊತ್ತಾಗದಿದ್ದರೆ, ತುರಿಕೆಯೇ ಇಲ್ಲದಿದ್ದರೆ ಅದು ಕುಷ್ಠದ ಮಚ್ಚೆಯಾಗಿರಬಹುದು. ತಡಮಾಡದೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಔಷಧ ಅಲ್ಲಿ ಉಚಿತ.

ಕಣ್ಣಳತೆಗಿಂತ ಕೆಓಎಚ್ ಪರೀಕ್ಷೆ ಮೇಲು: ಕೆರೆದ ಹೊಟ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವುದು. ವೆಚ್ಚ ಕಡಿಮೆ, ಅರ್ಧ ಗಂಟೆಯೊಳಗೆ ಫಲಿತಾಂಶ. ತಾಲ್ಲೂಕು ಮಟ್ಟದ ಪ್ರಯೋಗಾಲಯದ ತಂತ್ರಜ್ಞರು ಕೂಡ ಮಾಡಬಲ್ಲ ಸರಳ ಪರೀಕ್ಷೆ ಇದು, ಆದರೆ ಸಣ್ಣ ತಪ್ಪಿಗೂ ಸುಳ್ಳು ಉತ್ತರ ಕೊಡುತ್ತದೆ. ಮಾಡುವ ಕ್ರಮ ಹೀಗೆ:

1. ರೋಗಿ ಮುಲಾಮು ಹಚ್ಚುತ್ತಿದ್ದರೆ ಒಂದೆರಡು ವಾರ ನಿಲ್ಲಿಸಿದ ಮೇಲೆ ಪರೀಕ್ಷೆ ಮಾಡುವುದು ಒಳ್ಳೆಯದು. ಔಷಧ ಹಚ್ಚಿದ ಚರ್ಮದಲ್ಲಿ ಎಳೆಗಳು ಸಿಗದೆ ಹೋಗಬಹುದು.
2. ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಆರಲು ಬಿಡಿ. ಎಣ್ಣೆ, ಪೌಡರು ಉಳಿದರೆ ಸೂಕ್ಷ್ಮದರ್ಶಕದಲ್ಲಿ ಗೊಂದಲ.
3. 15ನೇ ನಂಬರಿನ ಬ್ಲೇಡಿನ ಮೊಂಡು ಅಂಚಿನಿಂದ ಉಂಗುರದ ಉಬ್ಬಿದ ಅಂಚನ್ನು ಒಳಗಿನಿಂದ ಹೊರಕ್ಕೆ ಕೆರೆಯಿರಿ. ನಡುವೆ ಕೆರೆದರೆ ಏನೂ ಸಿಗದು, ಅಲ್ಲಿ ದೇಹ ಆಗಲೇ ಶುಚಿಮಾಡಿರುತ್ತದೆ.
4. ಹೊಟ್ಟನ್ನು ಸ್ಲೈಡಿನ ಮೇಲೆ ಉದುರಿಸಿ, 10% ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ಒಂದು ಹನಿ ಹಾಕಿ, ಕವರ್ ಸ್ಲಿಪ್ ಮುಚ್ಚಿ. ಉಗುರಿನ ಚೂರಾದರೆ 20% ದ್ರಾವಣ ಬೇಕು, ಹಲವು ಗಂಟೆ ಕಾಯಬೇಕು.
5. 10ರಿಂದ 20 ನಿಮಿಷ ಬಿಡಿ. ಬೇಗ ಬೇಕಿದ್ದರೆ ಸ್ಲೈಡನ್ನು ದೀಪದ ಮೇಲೆ ತುಸುವೇ ಬಿಸಿಮಾಡಿ. ಕುದಿಸಿದರೆ ಹರಳುಗಟ್ಟಿ ಏನೂ ಕಾಣುವುದಿಲ್ಲ.
6. ಮೊದಲು 10, ಆಮೇಲೆ 40ರ ಮಸೂರದಲ್ಲಿ ನೋಡಿ. ಕಂಡೆನ್ಸರ್ ಕೆಳಗಿಳಿಸಿ ಬೆಳಕು ತಗ್ಗಿಸಿ. ಜೋರು ಬೆಳಕಿನಲ್ಲಿ ಪಾರದರ್ಶಕ ಎಳೆಗಳು ಕಣ್ಣಿಗೆ ಬೀಳುವುದೇ ಇಲ್ಲ.

ಕವಲೊಡೆದ, ನಡುನಡುವೆ ಅಡ್ಡಗೋಡೆಯಿರುವ ಎಳೆಗಳು ಚರ್ಮಕೋಶಗಳ ಅಂಚನ್ನು ಲೆಕ್ಕಿಸದೆ ಅಡ್ಡಹಾಯ್ದು ಹೋಗುತ್ತಿದ್ದರೆ ಶಿಲೀಂಧ್ರ ಖಚಿತ. ಕೋಶಗಳ ಅಂಚಿನಗುಂಟವೇ ಬಲೆಯಂತೆ ಕಾಣುವ ಗೆರೆಗಳು ಶಿಲೀಂಧ್ರವಲ್ಲ. ಹೊಸಬರು ಎಡವುವುದು ಇಲ್ಲೇ. ದ್ರಾವಣ ಚರ್ಮವನ್ನು ಸುಡುವಂಥದ್ದು, ಕೈಗವಸು ಹಾಕಿಕೊಳ್ಳಿ.

ಚಿಕಿತ್ಸೆಗೆ ಬಗ್ಗದ ಪ್ರಕರಣಗಳಲ್ಲಿ ಕಲ್ಚರ್, ಅಂದರೆ ಶಿಲೀಂಧ್ರವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಪರೀಕ್ಷೆ ಕೂಡ ಬೇಕಾಗುತ್ತದೆ. ಸಬೌರಾಡ್ ಅಗರ್ ಎಂಬ ಪೋಷಕ ಮಾಧ್ಯಮದ ಮೇಲೆ 25ರಿಂದ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿ 4 ವಾರ ಕಾಯಬೇಕು. ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಒಂದು ಮಾತು: ಊರಿಗೆ ಬಂದುಹೋದ ಮೇಲೆ ಹುಳುಕಡ್ಡಿ ಎದ್ದು ಟರ್ಬಿನಫೈನ್ ಎಂಬ ಶಿಲೀಂಧ್ರದ ಔಷಧಕ್ಕೆ ಬಗ್ಗದಿದ್ದರೆ, ಭಾರತಕ್ಕೆ ಹೋಗಿಬಂದದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ. ಟ್ರೈಕೋಫೈಟಾನ್ ಇಂಡೋಟಿನಿಯೆಯನ್ನು ಸಾಮಾನ್ಯ ಕಲ್ಚರಿನಲ್ಲಿ ಅದರ ಹತ್ತಿರದ ಜಾತಿಗಳಿಂದ ಬೇರ್ಪಡಿಸಲಾಗದು, ಡಿಎನ್‌ಎ ಪರೀಕ್ಷೆಯೇ ಆಗಬೇಕು. ಅಮೆರಿಕದಲ್ಲಿ ಇದರ ಮೊದಲ ಪ್ರಕರಣಗಳು ವರದಿಯಾದದ್ದು 2023ರಲ್ಲಿ, ಹಾಗಾಗಿ ಅಲ್ಲಿನ ಎಲ್ಲ ವೈದ್ಯರಿಗೂ ಇದು ಪರಿಚಯವಿರಲಾರದು.

ಮುಲಾಮು: ಎಷ್ಟು, ಎಲ್ಲಿಯವರೆಗೆ

ಒಂದೇ ಔಷಧವಿರುವ ಮುಲಾಮು ಇರಲಿ: ಲುಲಿಕೊನಜೋಲ್ 1% ದಿನಕ್ಕೆ ಒಮ್ಮೆ, ಕ್ಲೋಟ್ರಿಮಜೋಲ್ 1% ದಿನಕ್ಕೆ ಎರಡು ಬಾರಿ, ಅಥವಾ ವೈದ್ಯರು ಬರೆದ ಬೇರೆ ಯಾವುದಾದರೂ.

ಸ್ನಾನ ಮಾಡಿ, ಒರೆಸಿ, ಐದು ನಿಮಿಷ ಗಾಳಿಗೆ ಆರಲು ಬಿಡಿ. ಉಂಗುರದ ಹೊರಗೆ 2 ಸೆಂ.ಮೀ. ದೂರದಿಂದ ಹಚ್ಚಲು ಆರಂಭಿಸಿ ಒಳಕ್ಕೆ ಬನ್ನಿ. ಕಣ್ಣಿಗೆ ಕಾಣುವ ಅಂಚಿನಾಚೆ ಎಳೆಗಳು ಆಗಲೇ ಹೋಗಿರುತ್ತವೆ, ದೇಹಕ್ಕೆ ಇನ್ನೂ ಸುಳಿವು ಸಿಕ್ಕಿರುವುದಿಲ್ಲವಾದ್ದರಿಂದ ಅಲ್ಲಿ ಕೆಂಪು ಇರುವುದಿಲ್ಲ. ತುರಿಸುವ ಜಾಗಕ್ಕೆ ಮಾತ್ರ ಹಚ್ಚಿದರೆ ಉಂಗುರ ದೊಡ್ಡದಾಗುತ್ತಲೇ ಹೋಗುತ್ತದೆ.

ಪ್ರಮಾಣದ ಲೆಕ್ಕ ಸುಲಭ. ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ. ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಅದು ಸಾಕು. ಎರಡೂ ತೊಡೆಸಂದಿ ಸೇರಿ ನಾಲ್ಕು ಅಂಗೈಯಷ್ಟಿದ್ದರೆ ಒಮ್ಮೆಗೆ 1 ಗ್ರಾಂ, ದಿನಕ್ಕೆ ಎರಡು ಬಾರಿಯಾದರೆ 2 ಗ್ರಾಂ, 6 ವಾರಕ್ಕೆ 84 ಗ್ರಾಂ. 15 ಗ್ರಾಂನ ಒಂದು ಟ್ಯೂಬಿನಲ್ಲಿ ತಿಂಗಳು ತಳ್ಳಿದ್ದೇನೆ ಎನ್ನುವವರಿಗೆ ಔಷಧ ಕೆಲಸ ಮಾಡದಿದ್ದರೆ ಆಶ್ಚರ್ಯವಿಲ್ಲ. ಟ್ಯೂಬುಗಳ ಖರ್ಚು ಅಷ್ಟಾಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಅರ್ಧಕ್ಕೆ ನಿಲ್ಲಿಸುವ ಪ್ರಸಂಗ ಬರುವುದಿಲ್ಲ. ಜಾಗ ತೀರಾ ದೊಡ್ಡದಾದರೆ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳುವುದೇ ಸರಿ.

ತುರಿಕೆ ನಿಂತು ಚರ್ಮ ತಿಳಿಯಾದ ಮೇಲೂ ಕನಿಷ್ಠ 2 ವಾರ ಹಚ್ಚಿ. ಶಿಲೀಂಧ್ರ ಕಡಿಮೆಯಾದಂತೆ ದೇಹದ ಪ್ರತಿಕ್ರಿಯೆಯೂ ತಣ್ಣಗಾಗುತ್ತದೆ, ಆದರೆ ಉಳಿದ ನಾಲ್ಕು ಎಳೆಗಳು ಹೊರಪದರದಲ್ಲಿ ಇನ್ನೂ ಇರುತ್ತವೆ. ಹೊಸ ಚರ್ಮ ಬುಡದಿಂದ ಮೇಲೆ ಬಂದು ಉದುರಲು ಸುಮಾರು 4 ವಾರ ಬೇಕು. ಹಾಗೆಯೇ ಉಂಗುರ ಹೋದ ಮೇಲೆ ಉಳಿಯುವ ಕಪ್ಪು ಕಲೆ ರೋಗವಲ್ಲ. ಮುಟ್ಟಿದರೆ ನಯವಾಗಿದ್ದು, ತುರಿಸದಿದ್ದರೆ, ಹೊಟ್ಟಿಲ್ಲದಿದ್ದರೆ ಅದು ಬರೀ ಕಲೆ. ತಿಂಗಳುಗಳಲ್ಲಿ ತಾನಾಗಿ ಮಾಸುತ್ತದೆ.

ಬೆಳ್ಳುಳ್ಳಿ ಅರೆದು ಕಟ್ಟುವುದು, ನಿಂಬೆಹಣ್ಣು ಉಜ್ಜುವುದು, ಡೆಟಾಲನ್ನು ನೀರು ಬೆರೆಸದೆ ಹಚ್ಚುವುದು ಬೇಡವೇ ಬೇಡ. ಚರ್ಮ ಸುಟ್ಟು ಬೊಬ್ಬೆಯೇಳುತ್ತದೆ. ನಾರಿನಿಂದ, ಕಲ್ಲಿನಿಂದ ತಿಕ್ಕಲೂಬಾರದು. ತಿಕ್ಕಿದ ಗಾಯದ ಗುಂಟ ಬೀಜಾಣು ಹೊಸ ಜಾಗಕ್ಕೆ ಹೋಗುತ್ತದೆ.

ಮಾತ್ರೆ: ವೈದ್ಯರ ಚೀಟಿ ಇದ್ದರೆ ಮಾತ್ರ

ಮೈಯ ಹಲವು ಕಡೆ ಇದ್ದರೆ, ಮತ್ತೆ ಮತ್ತೆ ಬರುತ್ತಿದ್ದರೆ, ಸ್ಟೀರಾಯ್ಡ್ ಹಚ್ಚಿದ ಇತಿಹಾಸವಿದ್ದರೆ, ತಲೆ ಅಥವಾ ಉಗುರಿಗೆ ಬಂದಿದ್ದರೆ ಮುಲಾಮು ಸಾಲದು.

ಟರ್ಬಿನಫೈನ್ ದೊಡ್ಡವರಿಗೆ ದಿನಕ್ಕೆ 250 ಮಿ.ಗ್ರಾಂ. ಅದು ಸ್ಕ್ವಾಲೀನ್ ಎಪಾಕ್ಸಿಡೇಸ್ ಎಂಬ ಕಿಣ್ವವನ್ನು ತಡೆದು ಶಿಲೀಂಧ್ರವನ್ನು ಕೊಲ್ಲುತ್ತದೆ. ಈ ಕಿಣ್ವದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ, ಮುಖ್ಯವಾಗಿ 393 ಅಥವಾ 397ನೇ ಸ್ಥಾನದಲ್ಲಿ, ಔಷಧ ಅಂಟಿಕೊಳ್ಳುವುದಿಲ್ಲ. ಭಾರತದಲ್ಲಿ ಹಬ್ಬಿರುವ ತಳಿಗಳಲ್ಲಿ ಇಂಥ ಬದಲಾವಣೆ ಸಾಮಾನ್ಯವಾಗಿರುವುದರಿಂದ ಈಗ ಹೆಚ್ಚಿನ ವೈದ್ಯರು ಇಟ್ರಾಕೊನಜೋಲ್ ಬರೆಯುತ್ತಾರೆ.

ಇಟ್ರಾಕೊನಜೋಲ್ ಬಹುಮಟ್ಟಿಗೆ ಶಿಲೀಂಧ್ರದ ಬೆಳವಣಿಗೆಯನ್ನು ನಿಲ್ಲಿಸುವ ಔಷಧ. ನಿಂತ ಶಿಲೀಂಧ್ರವನ್ನು ಉದುರಿಸಿ ಹಾಕಬೇಕಾದದ್ದು ಚರ್ಮ, ಕೊಲ್ಲಬೇಕಾದದ್ದು ಬಿಳಿ ರಕ್ತಕಣಗಳು. ಮಾತ್ರೆ ನುಂಗುತ್ತ ಜೊತೆಗೆ ಸ್ಟೀರಾಯ್ಡ್ ಹಚ್ಚುವವರಿಗೆ ಗುಣವಾಗದಿರುವುದು ಇದರಿಂದಲೇ. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ನ್ಯೂಟ್ರೊಫಿಲ್‌ಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಅವರಿಗೂ ತಡವಾಗುತ್ತದೆ. ಹುಳುಕಡ್ಡಿ ಹೋಗುತ್ತಿಲ್ಲ ಎನ್ನುವ 40 ದಾಟಿದವರು ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸುವುದು ಒಳಿತು.

ಸಾಮಾನ್ಯವಾಗಿ 100 ಮಿ.ಗ್ರಾಂ ಕ್ಯಾಪ್ಸೂಲು ದಿನಕ್ಕೆ ಎರಡು, ಹೊಟ್ಟೆತುಂಬ ಊಟವಾದ ಕೂಡಲೇ. ಹೊಟ್ಟೆಯ ಆಮ್ಲವಿಲ್ಲದೆ ಅದು ಕರಗುವುದಿಲ್ಲ. ಗ್ಯಾಸ್ಟ್ರಿಕ್ ಎಂದು ಪ್ಯಾಂಟೊಪ್ರಜೋಲ್ ಅಥವಾ ಒಮೆಪ್ರಜೋಲ್ ನುಂಗುವವರಲ್ಲಿ ಔಷಧ ರಕ್ತಕ್ಕೆ ಸೇರುವುದೇ ಕಡಿಮೆ. ದುಬಾರಿ ಕ್ಯಾಪ್ಸೂಲು ವ್ಯರ್ಥವಾಗುವ ಅತಿ ಸಾಮಾನ್ಯ ಕಾರಣಗಳಲ್ಲಿ ಇದೊಂದು, ಆದರೂ ಚೀಟಿಯಲ್ಲಿ ಎರಡೂ ಒಟ್ಟಿಗೆ ಬರೆದಿರುವುದುಂಟು. ಕಂಡರೆ ಕೇಳಿ. ಜೆಲುಸಿಲ್‌ನಂಥ ಆಂಟಾಸಿಡ್ ಬೇಕೇ ಬೇಕಾದರೆ ಕ್ಯಾಪ್ಸೂಲು ನುಂಗಿ 2 ಗಂಟೆ ಕಳೆದ ಮೇಲೆ.

ಹೃದಯ ವೈಫಲ್ಯ ಇರುವವರು, ಗರ್ಭಿಣಿಯರು ಇದನ್ನು ತೆಗೆದುಕೊಳ್ಳಬಾರದು. ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆಯ ಜೊತೆ ಸೇರಿದರೆ ಸ್ನಾಯುಗಳಿಗೆ ಅಪಾಯ. ನಿತ್ಯ ನುಂಗುವ ಎಲ್ಲ ಮಾತ್ರೆಗಳ ಹಾಳೆಗಳನ್ನೂ ವೈದ್ಯರ ಮುಂದೆ ಇಡಿ. ವಾರಗಟ್ಟಲೆ ತೆಗೆದುಕೊಳ್ಳುವವರಿಗೆ ಲಿವರ್ ಪರೀಕ್ಷೆ ಬೇಕು. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ, ಊಟ ಸೇರದಿದ್ದರೆ, ಕಾಲು ಊದಿದರೆ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಿ. ಈಗಿನ ಹುಳುಕಡ್ಡಿಗೆ 4ರಿಂದ 8 ವಾರದ ಚಿಕಿತ್ಸೆ ಅಪರೂಪವಲ್ಲ.

ನಡುವೆ ಗಾಬರಿಯಾಗಿಸುವ ಎರಡು ಸಂಗತಿ

ಚಿಕಿತ್ಸೆ ಶುರುವಾದ ಕೆಲವು ದಿನಕ್ಕೆ ಬೆರಳುಗಳ ಪಕ್ಕದಲ್ಲಿ, ಅಂಗೈಯಲ್ಲಿ ಅಥವಾ ಮೈಮೇಲೆ ಸಣ್ಣ ತುರಿಸುವ ಗುಳ್ಳೆಗಳು ಏಳಬಹುದು. ಅವುಗಳನ್ನು ಕೆರೆದು ನೋಡಿದರೆ ಶಿಲೀಂಧ್ರ ಇರುವುದಿಲ್ಲ. ತೊಡೆಯಲ್ಲೋ ಪಾದದಲ್ಲೋ ಇರುವ ಶಿಲೀಂಧ್ರದ ವಿರುದ್ಧ ಎದ್ದ ಟಿ-ಕೋಶಗಳು ದೂರದ ಚರ್ಮದಲ್ಲಿ ತೋರುವ ಪ್ರತಿಕ್ರಿಯೆ ಅದು. ವೈದ್ಯರು ಐಡಿ ರಿಯಾಕ್ಷನ್ ಎನ್ನುತ್ತಾರೆ. ಮಾತ್ರೆಯ ಅಲರ್ಜಿ ಎಂದುಕೊಂಡು ಚಿಕಿತ್ಸೆ ನಿಲ್ಲಿಸಿದರೆ ನಷ್ಟ, ತೋರಿಸಿ ಖಚಿತಪಡಿಸಿಕೊಳ್ಳಿ. ಆದರೆ ಜ್ವರ, ಬಾಯಲ್ಲಿ ಹುಣ್ಣು, ಕಣ್ಣು ಕೆಂಪಾಗುವುದು, ಮೈತುಂಬ ದದ್ದು, ಚರ್ಮ ಸುಲಿಯುವುದು ಕಂಡರೆ ಅದು ಔಷಧದ ಅಲರ್ಜಿಯೇ ಇರಬಹುದು: ಮಾತ್ರೆ ಬಿಟ್ಟು ಅದೇ ದಿನ ಆಸ್ಪತ್ರೆಗೆ.

ಎರಡನೆಯದು ಮಕ್ಕಳ ತಲೆಯಲ್ಲಿ ಕಾಣುವ ಕೆರಿಯಾನ್. ಮೆತ್ತಗಿನ ಗಡ್ಡೆಯಂತೆ ಊದಿ, ಕೀವು ಸೋರಿ, ಕೂದಲು ಎಳೆದರೆ ಸುಲಭವಾಗಿ ಬರುತ್ತದೆ. ಕುರು ಎಂದು ಕೊಯ್ಯಿಸಬೇಡಿ. ಒಳಗೆ ಕೀವಿನ ಕೋಣೆ ಇರುವುದಿಲ್ಲ, ಕೂದಲಿನೊಳಗಿನ ಶಿಲೀಂಧ್ರದ ಮೇಲೆ ದೇಹ ಅತಿಯಾಗಿ ಎರಗಿದ್ದರ ಫಲ ಅದು. ಬೇಗ ಮಾತ್ರೆ ಶುರುಮಾಡದಿದ್ದರೆ ಕೂದಲಿನ ಬುಡವೇ ಹಾಳಾಗಿ ಅಲ್ಲಿ ಮತ್ತೆ ಕೂದಲು ಬಾರದು. ತಲೆಗೆ ಬಂದ ಹುಳುಕಡ್ಡಿ ಯಾವುದೇ ಇರಲಿ, ಮುಲಾಮು ಕೂದಲಿನೊಳಕ್ಕೆ ಹೋಗದು. ಮಗುವಿನ ತೂಕ ನೋಡಿ ಗ್ರೈಸಿಯೋಫುಲ್ವಿನ್ ಅಥವಾ ಟರ್ಬಿನಫೈನ್ ಕೊಡುತ್ತಾರೆ.

ಬಟ್ಟೆ, ಉಡಿದಾರ, ಮನೆಮಂದಿ, ಕೊಟ್ಟಿಗೆ

ಉದುರಿದ ಹೊಟ್ಟಿನಲ್ಲಿ ಬೀಜಾಣುಗಳು ತಿಂಗಳುಗಟ್ಟಲೆ ಬದುಕಿರುತ್ತವೆ. ಒಳಉಡುಪು, ಟವೆಲು, ಹಾಸಿಗೆಯ ಮೇಲುಹೊದಿಕೆಗಳನ್ನು ಬೇರೆಯಾಗಿ 60 ಡಿಗ್ರಿ ನೀರಿನಲ್ಲಿ ಒಗೆಯಿರಿ. 30 ಡಿಗ್ರಿಯಲ್ಲಿ ಒಗೆದರೆ ಶಿಲೀಂಧ್ರ ಸಾಯದೆ ಉಳಿಯಬಹುದು, ಒಟ್ಟಿಗೆ ಹಾಕಿದ ಬೇರೆಯವರ ಬಟ್ಟೆಗೂ ಅಂಟಬಹುದು. ಬಿಸಿಲಿಗೆ ಒಳಮೈ ಹೊರಗೆ ಮಾಡಿ ಒಣಗಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬಿಸಿಲೇ ಸಿಗದಿದ್ದಾಗ ಹೊಲಿಗೆಗಳ ಮೇಲೆ ಒತ್ತಿ ಇಸ್ತ್ರಿ ಮಾಡಿ. ಅರೆಬರೆ ಒಣಗಿದ ಚಡ್ಡಿ ತೊಟ್ಟು ಆ ತಿಂಗಳುಗಳಲ್ಲಿ ಕಾಯಿಲೆ ಉಲ್ಬಣಿಸುವುದು ಮಾಮೂಲು.

ಉಡಿದಾರದ ಬಗ್ಗೆ ಹೇಳಲೇಬೇಕು. ಸದಾ ಒದ್ದೆಯಾಗಿರುವ ಹತ್ತಿ ದಾರದಲ್ಲಿ ಹೊಟ್ಟು ಸೇರಿಕೊಂಡು ಸೊಂಟದ ಸುತ್ತ ಮತ್ತೆ ಮತ್ತೆ ಸೋಂಕು ತರುತ್ತದೆ. ಚಿಕಿತ್ಸೆ ಮುಗಿಯುವವರೆಗೆ ತೆಗೆದಿಡಿ. ಸಂಪ್ರದಾಯದಂತೆ ಇರಲೇಬೇಕು ಎನ್ನುವವರು ಬೆಳ್ಳಿಯದನ್ನು ಹಾಕಿಕೊಂಡು ದಿನವೂ ತೊಳೆದು ಒರೆಸಬಹುದು. ಮಣಿಕಟ್ಟಿನ ದಾರಗಳಿಗೂ ಇದೇ ಮಾತು. ಬಿಗಿ ಜೀನ್ಸ್, ಲೆಗ್ಗಿಂಗ್ಸ್ ಬದಲು ಸಡಿಲ ಹತ್ತಿ ಬಟ್ಟೆ ಹಾಕಿ.

ಮನೆಯಲ್ಲಿ ಯಾರಿಗೆಲ್ಲ ಇದೆಯೋ ಅವರೆಲ್ಲರಿಗೂ ಒಂದೇ ಕಾಲಕ್ಕೆ ಚಿಕಿತ್ಸೆ ನಡೆಯಬೇಕು. ಹೇಳಿಕೊಳ್ಳಲು ಸಂಕೋಚಪಡುವ ಹೆಣ್ಣುಮಕ್ಕಳನ್ನು, ಹಾಸ್ಟೆಲಿನಿಂದ ಬಂದ ಹುಡುಗರನ್ನು ಬಿಡಿಸಿ ಕೇಳಿ. ಒಬ್ಬರು ಬಿಟ್ಟುಹೋದರೂ ಅವರಿಂದಲೇ ಮರಳಿ ಬರುತ್ತದೆ.

ದನ ಸಾಕಿದವರು ಕರುಗಳ ಕಣ್ಣಿನ ಸುತ್ತ, ಕತ್ತಿನ ಮೇಲೆ ಬೂದುಬಣ್ಣದ ದಪ್ಪ ಹಕ್ಕಳೆ ಇದೆಯೇ ನೋಡಿ. ಅದು ಟ್ರೈಕೋಫೈಟಾನ್ ವೆರುಕೋಸಮ್ ಎಂಬ ಶಿಲೀಂಧ್ರದಿಂದ ಬಂದ ಹುಳುಕಡ್ಡಿ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕರುವಿನ ದೇಹವೇ ಅದನ್ನು ಗೆದ್ದು, ಮತ್ತೆ ಬಾರದಷ್ಟು ಶಕ್ತಿ ಗಳಿಸುತ್ತದೆ. ಇದನ್ನೇ ಆಧಾರವಾಗಿಟ್ಟು ಸೋವಿಯತ್ ಒಕ್ಕೂಟದಲ್ಲಿ ದನಗಳಿಗೆ ಲಸಿಕೆ ತಯಾರಿಸಿದರು, ನಾರ್ವೆಯಲ್ಲಿ ಅದನ್ನು ವ್ಯಾಪಕವಾಗಿ ಬಳಸಿ ಕಾಯಿಲೆಯನ್ನು ಬಹುಪಾಲು ತೊಲಗಿಸಿದರು. ಮನುಷ್ಯರಿಗೆ ಇಂಥ ಲಸಿಕೆ ಬಳಕೆಯಲ್ಲಿಲ್ಲ. ಹಕ್ಕಳೆಯಿರುವ ಕರುವನ್ನು ಮುಟ್ಟುವಾಗ ಕೈಗವಸು ಹಾಕಿ, ಪಶುವೈದ್ಯರಿಗೆ ತೋರಿಸಿ.

ಮೇಲ್ಪದರ ದಾಟಿದಾಗ

ಕಾಲಿನ ಕೂದಲು ಕ್ಷೌರ ಮಾಡಿದ ಮೇಲೆ, ಅಥವಾ ಸ್ಟೀರಾಯ್ಡ್ ಹಚ್ಚಿದ ಜಾಗದಲ್ಲಿ, ಕೂದಲಿನ ಬುಡದ ಸುತ್ತ ಗಟ್ಟಿ ಗಂಟುಗಳು ಕಂಡರೆ ಶಿಲೀಂಧ್ರ ಒಳಗಿಳಿದಿದೆ. ಇದು ಮಜೋಕಿ ಗ್ರಾನ್ಯುಲೋಮ. ಮುಲಾಮು ಅಲ್ಲಿಗೆ ತಲುಪದು, ಮಾತ್ರೆಯೇ ಬೇಕು. ಅಂಗಾಂಗ ಕಸಿಯಾದವರು, ಕೀಮೋಥೆರಪಿ ಪಡೆಯುವವರು, ದೀರ್ಘಕಾಲ ಸ್ಟೀರಾಯ್ಡ್ ಮಾತ್ರೆ ನುಂಗುವವರು, ಎಚ್‌ಐವಿ ಇರುವವರು ಸಣ್ಣ ಉಂಗುರವನ್ನೂ ನೇರ ವೈದ್ಯರಿಗೇ ತೋರಿಸಬೇಕು.

ಇನ್ನೊಂದು ಅಪರೂಪದ ಸಂಗತಿ. ಕಾರ್ಡ್-9 ಜೀನಿನ ಎರಡೂ ಪ್ರತಿಗಳು ಹುಟ್ಟಿನಿಂದಲೇ ಕೆಟ್ಟಿರುವವರಲ್ಲಿ ಇದೇ ಸಾಮಾನ್ಯ ಹುಳುಕಡ್ಡಿ ಚರ್ಮದಾಳಕ್ಕೆ, ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ಇಳಿದು ಜೀವಕ್ಕೇ ಕುತ್ತಾಗಬಲ್ಲದು. ಉತ್ತರ ಆಫ್ರಿಕದ ಅಲ್ಜೀರಿಯ, ಟ್ಯುನೀಸಿಯ, ಮೊರಾಕೊಗಳ ಕುಟುಂಬಗಳಲ್ಲಿ ಇದನ್ನು 2013ರಲ್ಲಿ ಗುರುತಿಸಿದರು. ಹೆತ್ತವರು ರಕ್ತಸಂಬಂಧದಲ್ಲಿ ಮದುವೆಯಾದಾಗ ಇಂಥ ದೋಷ ಮಗುವಿಗೆ ಬರುವ ಸಾಧ್ಯತೆ ಹೆಚ್ಚು. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ರೂಢಿಯಿರುವ ನಮ್ಮಲ್ಲಿ ವೈದ್ಯರು ಇದನ್ನು ನೆನಪಿಡಬೇಕು. ಚಿಕ್ಕ ವಯಸ್ಸಿನಿಂದ ಬಾಯಲ್ಲಿ ಬಿಳಿ ಅಗ್ರ, ಉಗುರಿನ ಸೋಂಕು, ಬಿಡದ ಹುಳುಕಡ್ಡಿ ಮೂರೂ ಒಟ್ಟಿಗೆ ಇರುವ ಮಗುವಿಗೆ ರೋಗನಿರೋಧಕ ವ್ಯವಸ್ಥೆಯ ತಪಾಸಣೆ ಮಾಡುವ ದೊಡ್ಡ ಆಸ್ಪತ್ರೆಯ ಸಲಹೆ ಬೇಕು.

ಕೊನೆಯದಾಗಿ ಕಾಲುಗುರುಗಳನ್ನು ನೋಡಿಕೊಳ್ಳಿ. ದಪ್ಪಗಾಗಿ ಹಳದಿಗಟ್ಟಿ ಪುಡಿಯಾಗುತ್ತಿದ್ದರೆ ಶಿಲೀಂಧ್ರ ಅಲ್ಲಿ ಅಡಗಿರಬಹುದು. ಉಗುರಿನೊಳಗೆ ಬಿಳಿ ರಕ್ತಕಣಗಳು ಸುಲಭವಾಗಿ ತಲುಪುವುದಿಲ್ಲ, ಆದ್ದರಿಂದ ಅದು ತಾನಾಗಿ ಗುಣವಾಗುವುದು ತೀರಾ ಅಪರೂಪ. ಟರ್ಬಿನಫೈನ್ ಆದರೆ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಬೇಕು. ಕಾಲಿನ ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆದು ಬರಲು ಒಂದು ವರ್ಷವೂ ಹಿಡಿಯಬಹುದು. ಸಾಕ್ಸ್ ಹಾಕಿಕೊಂಡ ಮೇಲೆ ಚಡ್ಡಿ ತೊಡಿ. ಪಾದದ ಶಿಲೀಂಧ್ರ ಬಟ್ಟೆಗೆ ಅಂಟಿ ತೊಡೆಸಂದಿಗೆ ಏರುವುದು ಅದರಿಂದ ತಪ್ಪುತ್ತದೆ.